ಕ್ಯಾಲಿಫೋರ್ನಿಯಾದ ಕೌಂಟಿಗಳಲ್ಲಿ ಲ್ಯಾಟಿನೋ ಜನ: ನಕ್ಷೆ ಮಾಡುವ ಬಗೆ

ಒಂದು ಸಮುದಾಯ ಎಲ್ಲೆಲ್ಲಿ ಹರಡಿದೆ ಎಂದು ತೋರಿಸಲು ಒಂದೇ ನಕ್ಷೆ ಸಾಲದು. ಶೇಕಡಾವಾರಿಗೆ ಒಂದು, ತಲೆಲೆಕ್ಕಕ್ಕೆ ಒಂದು ಬೇಕೇ ಬೇಕು. ಮೈಸೂರು, ಮಂಡ್ಯದ ಭೂಗೋಳ ವಿದ್ಯಾರ್ಥಿಗಳು ತಾಲ್ಲೂಕುಗಳ ಪ್ರಾಜೆಕ್ಟ್‌ಗೆ ಇಳಿಯುವ ಮುಂಚೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 58 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಲ್ಯಾಟಿನೋ ಜನರ, ಅಂದರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಸಂಸ್ಕೃತಿಯ ನಾಡುಗಳ ಮೂಲದವರ, ನಕ್ಷೆ ಮಾಡಿ ಕೈ ಪಳಗಿಸಿಕೊಳ್ಳಬಹುದು. ಅಂಕಿಅಂಶ, ಕೌಂಟಿ ಗಡಿಗಳ ಫೈಲು, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಎಲ್ಲವೂ ಪುಕ್ಕಟೆ.

ಅಮೆರಿಕದ ಸೆನ್ಸಸ್ ಬ್ಯೂರೋ ತಾಣದಲ್ಲಿ 2020ರ ಜನಗಣತಿಯ ಪಿ2 ಕೋಷ್ಟಕ ತೆರೆದು ಎಲ್ಲ ಕೌಂಟಿಗಳನ್ನೂ ಆಯ್ದು ಇಳಿಸಿಕೊಳ್ಳಿ. 001 ಕಾಲಂನಲ್ಲಿ ಒಟ್ಟು ಜನ, 002ರಲ್ಲಿ ಹಿಸ್ಪಾನಿಕ್ ಅಥವಾ ಲ್ಯಾಟಿನೋ. ಲ್ಯಾಟಿನೋ ಹೌದೇ ಎಂಬ ಪ್ರಶ್ನೆಯನ್ನು ಅಲ್ಲಿ ಜನಾಂಗದ ಪ್ರಶ್ನೆಯಿಂದ ಬೇರೆಯಾಗಿಯೇ ಕೇಳಿದ್ದಾರೆ. ಲ್ಯಾಟಿನೋ ಎಂದು ಬರೆಸಿದವರು ಬಿಳಿಯರೂ ಆಗಿರಬಹುದು, ಕರಿಯರೂ ಆಗಿರಬಹುದು. ಜನಾಂಗವಾರು ಕೋಷ್ಟಕ ಪಿ1ರ ಬಿಳಿಯರ ಸಂಖ್ಯೆಗೆ ಇದನ್ನು ಕೂಡಿಸಿದರೆ ಅದೇ ಜನರನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಇಳಿಸಿದ ಫೈಲಿನ ಎರಡನೇ ಸಾಲಿನಲ್ಲಿ ಕಾಲಂಗಳ ವಿವರಣೆ ಇರುತ್ತದೆ. ಅದನ್ನು ಅಳಿಸದಿದ್ದರೆ ಕ್ಯೂಜಿಐಎಸ್ ಸಂಖ್ಯೆಗಳನ್ನೆಲ್ಲ ಅಕ್ಷರ ಎಂದು ಓದುತ್ತದೆ, ವರ್ಗ ಮಾಡಲು ಬರುವುದಿಲ್ಲ. ಇನ್ನು ಗಡಿಯ ಫೈಲಿಗೆ ಜೋಡಿಸಲು ಬೇಕಾದ ಕೌಂಟಿ ಕೋಡ್. ಇಳಿಸಿದ ಫೈಲಿನಲ್ಲಿ ಅದು ಉದ್ದದ ಗುರುತಿನ ಕೊನೆಯ ಐದು ಅಂಕಿ: ಲಾಸ್ ಏಂಜಲೀಸ್ ಕೌಂಟಿಯದು 06037. ಈ ಐದಂಕಿಯನ್ನು ಬೇರೆ ಕಾಲಂಗೆ ತೆಗೆದಾಗ ಎಕ್ಸೆಲ್ ಮುಂದಿನ ಸೊನ್ನೆ ನುಂಗಿ 6037 ಮಾಡಿಬಿಡಬಹುದು, ಆಮೇಲೆ ಗಡಿಯ ಫೈಲಿಗೆ ಜೋಡಿಸಿದರೆ ಒಂದು ಕೌಂಟಿಯೂ ಕೂಡಿಕೊಳ್ಳುವುದಿಲ್ಲ. ಆ ಕಾಲಂ ಅನ್ನು ಟೆಕ್ಸ್ಟ್ ಎಂದೇ ತೆರೆಯಿರಿ. ಜೋಡಿಸಿದ ಮೇಲೆ ಖಾಲಿ ಉಳಿದ ಸಾಲು ಇದೆಯೇ ನೋಡಿ. 58ಕ್ಕೆ 58 ಬಂದಿರಬೇಕು. ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆ) ಕ್ಯಾಲಿಫೋರ್ನಿಯಾಕ್ಕೆ ಹೊಂದುವ ಇಪಿಎಸ್‌ಜಿ 3310 ಇಡಿ.

002 ಅನ್ನು 001ರಿಂದ ಭಾಗಿಸಿ 100ರಿಂದ ಗುಣಿಸಿ, ಬಂದ ಶೇಕಡಾವಾರನ್ನು ವರ್ಗಗಳಾಗಿ ವಿಂಗಡಿಸಿ, ಹೆಚ್ಚಿದಷ್ಟೂ ಗಾಢವಾಗುವಂತೆ ಬಣ್ಣ ತುಂಬಿ. ವರ್ಗದ ಒಂದು ಗಡಿ ರಾಜ್ಯದ ಸರಾಸರಿಯಾದ ಶೇ. 39.4 ಆಗಿರಲಿ, ಸರಾಸರಿಗಿಂತ ಮೇಲಿರುವ ಕೌಂಟಿಗಳು ಥಟ್ಟನೆ ಕಾಣುತ್ತವೆ. ಈ ನಕ್ಷೆಯಲ್ಲಿ ಮೆಕ್ಸಿಕೋ ಗಡಿಯ ಇಂಪೀರಿಯಲ್ ಕೌಂಟಿ ಎಲ್ಲಕ್ಕಿಂತ ಗಾಢ: ಅಲ್ಲಿ ಸುಮಾರು ಶೇ. 85 ಲ್ಯಾಟಿನೋ. ಮಂಡ್ಯದ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆ ಹೇಗೋ, ಆ ಮರುಭೂಮಿಗೆ ಕೊಲರಾಡೋ ನದಿಯಿಂದ ಬರುವ ಆಲ್ ಅಮೆರಿಕನ್ ನಾಲೆ ಹಾಗೆ. ನೀರಾವರಿ ಬೇಸಾಯ ಕೂಲಿ ಬೇಡುತ್ತದೆ, ಕೂಲಿಗೆ ಬಂದವರು ನೆಲೆನಿಂತರು. 1942ರಿಂದ 1964ರವರೆಗೆ ನಡೆದ ಬ್ರಸೆರೋ ಯೋಜನೆಯಲ್ಲಿ ಸರ್ಕಾರವೇ ಮೆಕ್ಸಿಕೋದ ಕೂಲಿಗಳನ್ನು ಕರೆಸಿಕೊಂಡಿತ್ತು. ಒಳನಾಡಿನ ಟುಲೇರಿ, ಮರ್ಸೆಡ್, ಫ್ರೆಸ್ನೋ ಕೌಂಟಿಗಳು ಗಾಢವಾಗಿ ಕಾಣುವುದರಲ್ಲೂ ಬೇಸಾಯದ ಪಾಲು ದೊಡ್ಡದು.

ಆದರೆ ಇಂಪೀರಿಯಲ್‌ನ ಒಟ್ಟು ಜನಸಂಖ್ಯೆಯೇ ಸುಮಾರು 1.8 ಲಕ್ಷ. ವಿಸ್ತೀರ್ಣ ಮಂಡ್ಯ ಜಿಲ್ಲೆಯ ಎರಡರಷ್ಟಕ್ಕೂ ಹೆಚ್ಚು, ಜನ ಹತ್ತನೇ ಒಂದು ಪಾಲು. ಶೇ. 48 ಮಾತ್ರ ಇರುವ ಲಾಸ್ ಏಂಜಲೀಸ್‌ನಲ್ಲಿ ಲ್ಯಾಟಿನೋಗಳು ಸುಮಾರು 48 ಲಕ್ಷ! ಬಣ್ಣ ಇದನ್ನು ಮುಚ್ಚಿಡುತ್ತದೆ. ಅದಕ್ಕೇ ಎರಡನೇ ನಕ್ಷೆಯಲ್ಲಿ ಪ್ರತಿ ಕೌಂಟಿಗೂ ಒಂದು ವೃತ್ತ ಹಾಕಿ. ಸಂಖ್ಯೆಗೆ ತಕ್ಕಂತೆ ಬೆಳೆಯಬೇಕಾದದ್ದು ವೃತ್ತದ ಕ್ಷೇತ್ರಫಲ, ವ್ಯಾಸವಲ್ಲ. ವ್ಯಾಸಕ್ಕೆ ಸಂಖ್ಯೆ ಕೊಟ್ಟರೆ ಎರಡರಷ್ಟು ಜನ ಕಣ್ಣಿಗೆ ನಾಲ್ಕರಷ್ಟಾಗಿ ಕಾಣುತ್ತಾರೆ.

ಇದೇ ಕ್ರಮದಲ್ಲಿ 2011ರ ಜನಗಣತಿಯಿಂದ ಮೈಸೂರು ಜಿಲ್ಲೆಯ ಪರಿಶಿಷ್ಟ ಪಂಗಡದ ನಕ್ಷೆ ಮಾಡುವಾಗ ಅಂದಿನ ಏಳು ತಾಲ್ಲೂಕುಗಳ ಗಡಿಯನ್ನೇ ಬಳಸಿ. ಸರಗೂರು ಆಗ ಎಚ್.ಡಿ. ಕೋಟೆಯೊಳಗೆ, ಸಾಲಿಗ್ರಾಮ ಕೆ.ಆರ್. ನಗರದೊಳಗೆ ಇದ್ದವು, ಈಗಿನ ಗಡಿ ಹಾಕಿದರೆ ಆ ಎರಡೂ ಖಾಲಿ ಉಳಿಯುತ್ತವೆ. ನಾಯಕರೂ ಜೇನುಕುರುಬರೂ ಅಲ್ಲಿ ಒಂದೇ ಕಾಲಂನಲ್ಲಿ ಸೇರಿರುತ್ತಾರೆ, ಆದ್ದರಿಂದ ಗಾಢ ಬಣ್ಣದ ತಾಲ್ಲೂಕನ್ನು ಹಾಡಿಗಳ (ಜೇನುಕುರುಬರಂಥ ಬುಡಕಟ್ಟು ಜನರ ವಸತಿಗಳ) ತಾಲ್ಲೂಕು ಎಂದು ವರದಿಯಲ್ಲಿ ಬರೆಯಬೇಡಿ.