ಇಂಗ್ಲಿಷ್ ಪದ ನೆನಪಿರೋಕೆ ಒಂದು ಉಪಾಯ
ಹೈಸ್ಕೂಲು ಮಕ್ಕಳಿಗೆ ಹೊಸ ಇಂಗ್ಲಿಷ್ ಪದದ ಎದುರು ಬರೀ ಕನ್ನಡ ಅರ್ಥ ಬರೆಸಬೇಡಿ. ಪಾಠದಲ್ಲಿ ಆ ಪದ ಬಂದ ಇಡೀ ವಾಕ್ಯ ಬರೆಸಿ. ಪದದ ಜಾಗದಲ್ಲಿ ಮೊದಲಕ್ಷರ ಮಾತ್ರ ಇಟ್ಟು ಗೆರೆ ಎಳೆಸಿ, ಉತ್ತರವನ್ನು ಹಾಳೆಯ ಹಿಂಬದಿಯಲ್ಲಿ ಬರೆಸಿ. ಎರಡು ದಿನ ಬಿಟ್ಟು ತುಂಬಲಿ. ನಮ್ಮ ‘ಹಾಕು’ವನ್ನೇ ನೋಡಿ: ಲೈಟ್ ಹಾಕಿದರೆ ‘ಸ್ವಿಚ್ ಆನ್’, ಬಟ್ಟೆ ಹಾಕಿದರೆ ‘ವೇರ್’, ಸಹಿ ಹಾಕಿದರೆ ‘ಸೈನ್’. ಅರ್ಥ ಮಾತ್ರ ಉರು ಹೊಡೆದ ಮಗು ಎಲ್ಲದಕ್ಕೂ ‘ಪುಟ್’ ಅನ್ನುತ್ತದೆ, ಅಲ್ವಾ? ಅಕ್ಕಪಕ್ಕದ ಪದಗಳೇ ಸರಿಯಾದದ್ದನ್ನು ನೆನಪಿಸುತ್ತವೆ. ಆದರೆ ವಾಕ್ಯದಲ್ಲಿ ಸುಳಿವಿರಬೇಕು. ‘ಹಿ ವಾಸ್ ಟಿ___’ ಅಂತಷ್ಟೇ ಇದ್ದರೆ ‘ಟಾಲ್’ ಕೂಡ ಸರಿ, ‘ಟೈರ್ಡ್’ ಕೂಡ ಸರಿ, ಸುಮ್ನೆ ಊಹೆಯಾಟ. ಒಂದೇ ಸಾಲಲ್ಲಿ ಗೊತ್ತಿಲ್ಲದ ಪದ ಎರಡು ಮೂರಿದ್ದರೆ ಆ ಸಾಲನ್ನೇ ಬಿಟ್ಟುಬಿಡಿ.