ನರ್ಸ್ ಬಯೋಡೇಟಾ: ನೀವು ಮಾಡಿದ ಕೆಲಸ ಅದರಲ್ಲಿ ಕಾಣಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ಮಕ್ಕಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾರೆ. ವಾರ್ಡಿನಲ್ಲಿ ಚುರುಕಾಗಿ ಕೆಲಸ ಮಾಡುತ್ತಾರೆ. ಬಯೋಡೇಟಾ ಬರೆಯಲು ಕೂತರೆ ಮಾತ್ರ ಗೆಳತಿಯದ್ದನ್ನೇ ತಂದು ಹೆಸರು ಬದಲಿಸುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಆಕೆ ಮಾಡಿದ ಕೆಲಸ ಬೇರೆ, ನೀವು ಮಾಡಿದ್ದು ಬೇರೆ ಅಲ್ವಾ?

ಮೊದಲು ಹೆಸರು ಸರಿಮಾಡಿಕೊಳ್ಳಿ. ನಮ್ಮ ಕಡೆ ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ನರ್ಸಿಂಗ್ ಕೌನ್ಸಿಲ್ ದಾಖಲೆಯಲ್ಲಿ ಇನ್ನೊಂದು ಸ್ಪೆಲಿಂಗ್ ಇರುವುದುಂಟು. ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಯಿರಿ. ಉಳಿದ ದಾಖಲೆಗಳನ್ನು ಈಗಲೇ ತಿದ್ದಿಸಲು ಹೊರಡಿ.

ಹೆಸರಿನ ಕೆಳಗೆ ನೋಂದಣಿ. ಕರ್ನಾಟಕದಲ್ಲಿ ಓದಿದವರದ್ದು ಸಾಮಾನ್ಯವಾಗಿ ಅಲ್ಲಿನ ಕೌನ್ಸಿಲ್‌ನಲ್ಲಿ ಇರುತ್ತದೆ. ಊರಿನ ಆಸ್ಪತ್ರೆಗೆ ಸೇರಬೇಕಾದರೆ ಕೇರಳ ಕೌನ್ಸಿಲ್‌ನ ನೋಂದಣಿಯೂ ಬೇಕು. ಎರಡೂ ಇದ್ದರೆ ಎರಡನ್ನೂ ಬರೆಯಿರಿ.

ಇನ್ನು ಅನುಭವ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ‘ರೋಗಿಗಳ ಆರೈಕೆ ಮಾಡಿದ್ದೇನೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಆರೈಕೆ ಮಾಡದ ನರ್ಸ್ ಯಾರಿದ್ದಾರೆ? ಅದರ ಬದಲು ಹೀಗೆ ಬರೆಯಿರಿ: ‘12 ಹಾಸಿಗೆಯ ಐಸಿಯು. ಒಂದು ಶಿಫ್ಟಿಗೆ ನನ್ನ ಪಾಲಿಗೆ 2 ರೋಗಿಗಳು. ವೆಂಟಿಲೇಟರ್‌ನಲ್ಲಿ ಇರುವವರ ಸಕ್ಷನ್, ಇನ್‌ಫ್ಯೂಷನ್ ಪಂಪ್, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಸ್ಯಾಂಪಲ್.’ ಹೆರಿಗೆ ವಾರ್ಡಾದರೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಚಾರ್ಟ್) ತುಂಬಿದ್ದು, ಹುಟ್ಟಿದ ಕೂಡಲೇ ಮಗುವನ್ನು ನೋಡಿಕೊಂಡದ್ದು. ಹೊಸಬರಿಗೆ ಕಲಿಸಿದ್ದೀರಾ? ನೈಟ್ ಡ್ಯೂಟಿಯಲ್ಲಿ ವಾರ್ಡಿನ ಜವಾಬ್ದಾರಿ ನಿಮ್ಮದಾಗಿತ್ತಾ? ಅದನ್ನೂ ಸೇರಿಸಿ.

ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಪಾಲಿಯೇಟಿವ್ ಕೇರ್‌ನಲ್ಲಿ ಮನೆಮನೆಗೆ ಹೋದವರು ಅದನ್ನು ಬರೆಯದೆ ಬಿಡುತ್ತಾರೆ, ಅದು ಆಸ್ಪತ್ರೆ ಕೆಲಸ ಅಲ್ಲ ಅಂತ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಿರುವ ಜಿಲ್ಲೆ ನಮ್ಮದು. ವರ್ಷಗಟ್ಟಲೆ ಮಲಗಿದಲ್ಲೇ ಇರುವವರಿಗೆ ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಕ್ಯಾಥೆಟರ್ ಬದಲಿಸುವುದು, ಮನೆಯವರಿಗೆ ಹೇಳಿಕೊಡುವುದು ಸಣ್ಣ ಕೆಲಸವಲ್ಲ. ಧೈರ್ಯವಾಗಿ ಬರೆಯಿರಿ.

ಮಾಡದ ಕೆಲಸ ಮಾತ್ರ ಬೇಡವೇ ಬೇಡ. ಗಲ್ಫ್ ದೇಶಗಳ ಲೈಸೆನ್ಸಿಗೆ ಡೇಟಾಫ್ಲೋ ಎಂಬ ಸಂಸ್ಥೆಯ ದಾಖಲೆ ಪರಿಶೀಲನೆ ಇರುತ್ತದೆ. ಅವರು ನಿಮ್ಮ ಆಸ್ಪತ್ರೆಯನ್ನೇ ನೇರವಾಗಿ ಕೇಳುತ್ತಾರೆ. ನಡುವೆ ಕೆಲಸ ಬಿಟ್ಟಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಮದುವೆ, ಹೆರಿಗೆ, ಪರೀಕ್ಷೆಯ ತಯಾರಿ, ಯಾವುದೂ ಮುಚ್ಚಿಡುವಂಥದ್ದಲ್ಲ.

ಭಾಷೆಯ ಸಾಲು ಮರೆಯಬೇಡಿ. ಕನ್ನಡ, ಮಲಯಾಳ, ತುಳು, ಜತೆಗೆ ಬ್ಯಾರಿಯೋ ಕೊಂಕಣಿಯೋ ಬರುವ ನರ್ಸ್ ಗಡಿಯ ಆಸ್ಪತ್ರೆಗೆ ದೊಡ್ಡ ಬಲ. ನೋವಿನಲ್ಲಿರುವ ಅಜ್ಜಿ ತನ್ನ ಮನೆಮಾತಿನಲ್ಲೇ ಅಲ್ವಾ ಹೇಳಿಕೊಳ್ಳುವುದು?

ಎಲ್ಲ ಸೇರಿ ಎರಡು ಪುಟ ಸಾಕು. ಹೊಸ ಕೆಲಸ ಮೊದಲು, ಹಳೆಯದು ಆಮೇಲೆ. ಕಳುಹಿಸುವಾಗ ಪಿಡಿಎಫ್ ಮಾಡಿ.

ಬರೆದು ಸುಮ್ನೆ ಇಟ್ಟುಬಿಟ್ಟರೆ ಆಗದು. ಒಂದು ಸಣ್ಣ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಹೊಸದಾಗಿ ಕಲಿತದ್ದನ್ನು ತಾರೀಕಿನ ಜತೆ ಬರೆದಿಡಿ. ಆರು ತಿಂಗಳಿಗೊಮ್ಮೆ ಅದನ್ನು ನೋಡಿ ಬಯೋಡೇಟಾ ತಿದ್ದಿ. ಬಿಎಲ್ಎಸ್, ಎಸಿಎಲ್ಎಸ್ (ಹೃದಯ ನಿಂತಾಗ ಜೀವ ಉಳಿಸುವ ತರಬೇತಿ) ಕಾರ್ಡಿಗೆ ಸಾಮಾನ್ಯವಾಗಿ 2 ವರ್ಷದ ಅವಧಿ. ಮುಗಿಯುವ ತಾರೀಕನ್ನು ಮೊಬೈಲಿನಲ್ಲಿ ಹಾಕಿಡಿ.

ಕೆಲಸ ಬಿಡುವಾಗ ಅನುಭವ ಪತ್ರವನ್ನು ಅಲ್ಲೇ ನಿಂತು ಓದಿ. ನನ್ನ ಮೊದಲ ಆಸ್ಪತ್ರೆ ಕೊಟ್ಟ ಪತ್ರದಲ್ಲಿ ಬಿಟ್ಟ ತಾರೀಕೇ ಇರಲಿಲ್ಲ. ಅದನ್ನು ಸರಿಪಡಿಸಲು ಮೂರು ಸಲ ಅಲೆದೆ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ವಾರ್ಡು, ಸಹಿ, ಸೀಲು ಎಲ್ಲ ನೋಡಿಕೊಂಡೇ ಅಲ್ಲಿಂದ ಹೊರಡಿ.