ಬಿಸಿ ಮೇಲೆ ಬರಬೇಕಾ? ತಣ್ಣನೆ ಗಾಳಿಯನ್ನು ಕೆಳಗೆ ತಳ್ಳಿ

ನೆಲಮಾಳಿಗೆಯಲ್ಲಿ ಸೌದೆ ಒಲೆ ಧಗಧಗ ಉರಿಯುತ್ತಿರುತ್ತದೆ. ಅಲ್ಲಿ ಕೂತವರಿಗೆ ಬೆವರು, ಮೇಲೆ ಮಲಗಿದವರಿಗೆ ಎರಡು ಕಂಬಳಿ ಹೊದ್ದರೂ ನಡುಕ. ಆಗ ನಮ್ಮ ಹುಡುಗರು ಏನು ಮಾಡುತ್ತಾರೆ ಗೊತ್ತಾ? ದೊಡ್ಡ ಫ್ಯಾನೊಂದನ್ನು ತಂದು ಒಲೆಯ ಪಕ್ಕ ಇಟ್ಟು, ಮೆಟ್ಟಿಲ ಕಡೆ ತಿರುಗಿಸಿ, ಜೋರಾಗಿ ಬಿಡುತ್ತಾರೆ. ಬಿಸಿ ಮೇಲೆ ಹೋಗಲಿ ಅಂತ. ಹೋಗುವುದಿಲ್ಲ. ಬಿಸಿಗಾಳಿ, ತಣ್ಣನೆ ಗಾಳಿ ಎರಡೂ ಕಲಸಿಹೋಗಿ ಅಲ್ಲೇ ಸುತ್ತುತ್ತವೆ ಅಷ್ಟೇ. ನೋಡಿ ನೋಡಿ ಸಾಕಾಗಿದೆ ನನಗೆ.

ನಾನೂ ಮೊದಲ ಚಳಿಗಾಲದಲ್ಲಿ ಇದನ್ನೇ ಮಾಡಿದವಳು, ಸುಳ್ಳು ಯಾಕೆ ಹೇಳಲಿ. ಸೌದೆ ರಾಶಿ ಕರಗಿತೇ ಹೊರತು ಮೇಲೆ ಚಳಿ ಕರಗಲಿಲ್ಲ. ಒಂದು ದಿನ ನಮ್ಮತ್ತೆ ಮೆಟ್ಟಿಲ ಬಾಗಿಲಲ್ಲಿ ಬರಿಗಾಲಲ್ಲಿ ನಿಂತು, "ಕೆನ್ನೆಗೆ ಬಿಸಿ, ಪಾದಕ್ಕೆ ಚಳಿ ಕಣೇ, ಎರಡೂ ಇದೇ ದಾರಿ ಹಿಡಿದಿವೆ" ಎಂದರು. ಬಿಸಿಗಾಳಿ ಹಗುರ, ಬಾಗಿಲ ಮೇಲ್ಭಾಗದಿಂದ ಮನೆಯೊಳಗೆ ಬರುತ್ತದೆ. ತಣ್ಣನೆಯದು ಭಾರ, ಹೊಸ್ತಿಲು ಸವರಿಕೊಂಡು ಕೆಳಗೆ ಇಳಿಯುತ್ತದೆ. ಅದು ಇಳಿಯುವುದಕ್ಕೆ ನಾವು ಸಹಾಯ ಮಾಡಿದರೆ ಸಾಕು, ಅದರ ಜಾಗ ತುಂಬಲು ಬಿಸಿ ತಾನಾಗಿ ಏರುತ್ತದೆ.

ಹಾಗಾಗಿ ಫ್ಯಾನನ್ನು ಮೇಲೆ ಇಡಿ. ಚಿಕ್ಕದು ಸಾಕು. ಮೆಟ್ಟಿಲ ತಲೆಯಲ್ಲಿ, ನೆಲದ ಮೇಲೆ, ಅಂಚಿನಿಂದ ಸ್ವಲ್ಪ ಹಿಂದೆ, ಮುಖ ಕೆಳಗೆ ಬಗ್ಗಿಸಿ, ಎಲ್ಲಕ್ಕಿಂತ ನಿಧಾನದ ವೇಗದಲ್ಲಿ. ಗೋಡೆಗೆ ಒತ್ತಿ ಇಡಿ, ವೈರು ಕಾಲಿಗೆ ಸಿಕ್ಕಿ ಯಾರೂ ಉರುಳಬಾರದು. ಇನ್ನು ನನ್ನ ಹುಚ್ಚು ಕೇಳಿ. ತೆಳ್ಳಗಿನ ಟಿಶ್ಯೂ ಕಾಗದವನ್ನು ಬೆರಳಗಲ, ಗೇಣುದ್ದ ಎರಡು ಪಟ್ಟಿ ಹರಿಯಿರಿ. ಒಂದೊಂದಕ್ಕೂ ಹೊಲಿಗೆ ದಾರ ಕಟ್ಟಿ. ಒಂದು ಬಾಗಿಲ ಚೌಕಟ್ಟಿನ ಮೇಲ್ಗಡೆ ತೂಗಲಿ, ಇನ್ನೊಂದು ಹೊಸ್ತಿಲಿಗಿಂತ ನಾಲ್ಕು ಬೆರಳು ಎತ್ತರದಲ್ಲಿ. ಫ್ಯಾನು ಹಾಕುವ ಮೊದಲು ಸುಮ್ನೆ ನಿಂತು ನೋಡಿ, ಉಸಿರು ತಾಗದ ಹಾಗೆ. ಮೇಲಿನದು ಮನೆಯೊಳಕ್ಕೆ, ಕೆಳಗಿನದು ಮೆಟ್ಟಿಲ ಕಡೆಗೆ ವಾಲಬೇಕು. ಫ್ಯಾನು ಹಾಕಿದ ಮೇಲೆ ಮೇಲಿನದು ಇನ್ನೂ ಚೆನ್ನಾಗಿ ವಾಲಿದರೆ ಗೆದ್ದಿರಿ. ಪಟಪಟ ಹೊಡೆದುಕೊಂಡರೆ ಅಥವಾ ಜೋತುಬಿದ್ದರೆ ಗಾಳಿ ಕಲಸುತ್ತಿದೆ ಎಂದರ್ಥ, ಫ್ಯಾನಿನ ತಲೆ ಇನ್ನಷ್ಟು ಬಗ್ಗಿಸಿ. ಮೊಮ್ಮಗಳು ನಗುತ್ತಾಳೆ, ನಗಲಿ, ಅವಳ ಕೋಣೆ ಬೆಚ್ಚಗಿದೆ ಅಲ್ವಾ!

ಹತ್ತು ನಿಮಿಷಕ್ಕೆ ಫಲ ಕೇಳಬೇಡಿ. ಗೋಡೆ, ನೆಲ ಮೊದಲು ತಮ್ಮ ಪಾಲು ಕುಡಿಯುತ್ತವೆ, ಅರ್ಧ ದಿನವೇ ಹಿಡಿದೀತು. ಅದರಲ್ಲೂ ನೆಲಮಾಳಿಗೆಯ ಬೋಳು ಕಾಂಕ್ರೀಟ್ ಗೋಡೆ ಬಿಸಿಯನ್ನು ಹೊರಗಿನ ಮಣ್ಣಿಗೆ ದಾಟಿಸುತ್ತದೆ. ದುಡ್ಡಿದ್ದರೆ ಮೊದಲು ಅದಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಹಸಿ ಸೌದೆ ಬೇಡ. ತುದಿಯಲ್ಲಿ ನೊರೆ ಬಂದು ಸುಯ್ ಎಂದರೆ ಅದು ನೀರನ್ನು ಕಾಯಿಸುತ್ತಿದೆ, ನಿಮ್ಮನ್ನಲ್ಲ.

ಒಲೆಯ ಮೇಲಿನ ನೆಲಕ್ಕೆ ತೂತು ಕೊರೆಯುವ ಜಾಣರೂ ಇದ್ದಾರೆ. ಬೆಂಕಿ ಬಿದ್ದರೆ ಹೊಗೆ, ಜ್ವಾಲೆ ಅದೇ ತೂತಿನಲ್ಲಿ ಮಲಗುವ ಕೋಣೆಗೆ ಬರುತ್ತವೆ. ಕೊರೆಯಲೇಬೇಕಾದರೆ, ಬಿಸಿ ಮೀರಿದಾಗ ತಾನೇ ಮುಚ್ಚಿಕೊಳ್ಳುವ ಮುಚ್ಚಳವನ್ನು ತಿಳಿದವರಿಂದ ಹಾಕಿಸಿ. ಒಲೆ ಇರುವ ಕೋಣೆಯಿಂದ ಗಾಳಿ ಎಳೆಯುವ ಫ್ಯಾನು ಮಾತ್ರ ಬೇಡವೇ ಬೇಡ. ಚಿಮಣಿಯ ಹೊಗೆ ತಿರುಗಿ ಒಳಗೆ ಬರುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯೂ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಎರಡೂ ಅಂತಸ್ತಿನಲ್ಲಿ ಅದರ ಅಲಾರಂ ಇರಲಿ.

ಹಾಂ, ಬೂದಿ. ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದವರನ್ನು ಕಣ್ಣಾರೆ ಕಂಡಿದ್ದೇನೆ, ತಳವೇ ಕರಗಿಹೋಯಿತು. ಕೆಂಡ ಬೂದಿಯೊಳಗೆ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಮನೆಯಿಂದ ದೂರ, ಬರಿ ನೆಲದ ಮೇಲೆ ಇಡಿ.